ಏಳು ನಿಮಿಷ ಸ್ವಿಚ್ ಮುಟ್ಟಬಾರದು

೧

ಸೇಡಂನಲ್ಲಿ ಬರ್ಫ ಕಟ್ಟಿತ್ತು ಎಂದು ಶುರು ಮಾಡಿದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾನೂ ನಂಬಿರಲಿಲ್ಲ. ಮೇ ತಿಂಗಳಲ್ಲಿ ಅಂಗಳಕ್ಕೆ ಹಾಸಿದ ಫರಸಿಕಲ್ಲಿನ ಮೇಲೆ ಬರಿಗಾಲಿಟ್ಟವರು ಕುಣಿಯುವ ಊರು ಇದು. ಇಲ್ಲಿ ಬರ್ಫ ಎಂದರೆ ಗೋಣಿಚೀಲದಲ್ಲಿ ಸುತ್ತಿಕೊಂಡು ಸೋಡಾ ಅಂಗಡಿಗೆ ಬರುವ ಮಂಜುಗಡ್ಡೆ, ಅಷ್ಟೇ. ಹಾಗಾಗಿ ಬರ್ಫದಿಂದ ಶುರು ಮಾಡುವುದು ಬೇಡ.

ಯಂತ್ರದಿಂದ ಶುರು ಮಾಡಲೇ? ಯಂತ್ರದಿಂದ ಶುರುವಾದ ಕಥೆಯನ್ನು ನನ್ನ ಹೆಂಡತಿಯೂ ಓದುವುದಿಲ್ಲ. ಕೂಸಿನಿಂದ ಶುರು ಮಾಡಿದರೆ ಓದುಗರನ್ನು ಅಳಿಸಿ ಹೆಸರು ಮಾಡುವವನು ಎನ್ನುತ್ತೀರಿ. (ಎನ್ನಿ. ಈ ಕಥೆಯಲ್ಲಿ ಎಲ್ಲರಿಗಿಂತ ಮೊದಲು ಅತ್ತವನು ನಾನೇ. ಯಾಕೆ ಅತ್ತೆ ಎನ್ನುವುದನ್ನು ಆದಷ್ಟು ತಡವಾಗಿ ಹೇಳುವ ವಿಚಾರವಿದೆ.)

ಒಂದು ಅಂಗಾಲಿನಿಂದ ಶುರು ಮಾಡುತ್ತೇನೆ. ಡಿಸೆಂಬರಿನ ಮೂರನೆಯ ವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಲುಂಬಿನಿ ತನ್ನ ಬಲಗೈಯ ಹಿಂಬದಿಯನ್ನು ಮೂರು ದಿನದ ಕೂಸಿನ ಅಂಗಾಲಿಗೆ ಇಟ್ಟಳು. ಅಂಗಾಲು ತಣ್ಣಗಿತ್ತು. ಹೊಟ್ಟೆ ಮುಟ್ಟಿದಳು. ಹೊಟ್ಟೆ ಇನ್ನೂ ಬೆಚ್ಚಗಿತ್ತು. ನರ್ಸಿಂಗ್ ಕಲಿಸುವಾಗ ಹೇಳಿಕೊಟ್ಟಿದ್ದರು: ಅಂಗಾಲು ತಣ್ಣಗಾಗಿ ಹೊಟ್ಟೆ ಬೆಚ್ಚಗಿದ್ದರೆ ಕೈಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇದೆ, ಎರಡೂ ತಣ್ಣಗಾದರೆ ಇಲ್ಲ. ಗೋಡೆಯ ಥರ್ಮಾಮೀಟರ್ ನೋಡಿದಳು. ಇಪ್ಪತ್ತೆಂಟು ಇರಬೇಕಾದ ಖೋಲಿಯಲ್ಲಿ ಇಪ್ಪತ್ನಾಲ್ಕು ಇತ್ತು. ಮೇಲೆ ಖೋಲಿ ಕಾಯಿಸುವ ಯಂತ್ರದ ಹಸಿರು ದೀಪ ಉರಿಯುತ್ತಲೇ ಇತ್ತು, ಗಾಳಿಯೂ ಬರುತ್ತಿತ್ತು. ಆ ಗಾಳಿಗೆ ಕೈ ಒಡ್ಡಿದಳು, ಬಿಸಿಯಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು.

೧ (ಮತ್ತೆ)

ಹೀಗೆ ಧುಮುಕಿಬಿಟ್ಟರೆ ಯಾರು ಯಾರೆಂದು ತಿಳಿಯುವುದಿಲ್ಲ. ಸ್ವಲ್ಪ ಹಿಂದೆ ಬರುತ್ತೇನೆ.

ಲುಂಬಿನಿ ವಾಡಿಯ ಹತ್ತಿರದ ರಾವೂರದವಳು, ಈಗ ತಂದೆಯ ಜೊತೆ ಸೇಡಂನಲ್ಲೇ ಇರುವವಳು. ಇಪ್ಪತ್ತಾರು ವರ್ಷ. ತಂದೆ ನಾಮದೇವ ಗಣಿಯಲ್ಲಿ ಫರಸಿ ಎಬ್ಬಿಸಿ, ಕಂಡವರ ಮನೆಗೆ ಫರಸಿ ಕೂರಿಸಿ ಮಗಳನ್ನು ಓದಿಸಿದವರು. ಸೇಡಂನ ಚಿಂಚೋಳಿ ರಸ್ತೆಯಲ್ಲಿ ಹನ್ನೆರಡು ಹಾಸಿಗೆಯ ಹೆರಿಗೆ ದವಾಖಾನೆಯೊಂದಿದೆ. (ಹೆಸರು ಹೇಳುವುದಿಲ್ಲ. ಹುಡುಕಿಕೊಂಡು ಹೋದರೂ ಸಿಗುವುದಿಲ್ಲ, ಕಥೆಗೆಂದು ನಾನೇ ಕಟ್ಟಿದ್ದು.) ಅಲ್ಲಿ ಲುಂಬಿನಿ ನರ್ಸು. ಆ ಬೆಳಿಗ್ಗೆ ಡ್ಯೂಟಿಯಲ್ಲಿದ್ದವರು ಅವಳು ಮತ್ತು ಆಯಾ ಅಮೀರ್ಬೀ, ಇಬ್ಬರೇ. ಡಾಕ್ಟರರು ಕಲಬುರಗಿಗೆ ಹೋಗಿದ್ದರು.

ಕೂಸು ಶಿವಕಾಂತಮ್ಮನದು. ಒಂದೂವರೆ ತಿಂಗಳು ಮೊದಲೇ ಬಂದ ಹೆಣ್ಣುಕೂಸು, ತೂಕ ಒಂದು ಕಿಲೋ ಆರುನೂರು ಗ್ರಾಂ. ಆಪರೇಶನ್ ಆದ ಶಿವಕಾಂತಮ್ಮ ಪಕ್ಕದ ಖೋಲಿಯಲ್ಲಿ ಜ್ವರದಿಂದ ನಡುಗುತ್ತ ಮಲಗಿದ್ದಳು. ಅವಳ ತಾಯಿ ಹಣಮವ್ವ ಕೂಸಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕಂದು ಮಫ್ಲರ್ ಸುತ್ತಿಕೊಂಡ ಒಬ್ಬ ಮುದುಕನಿದ್ದ. (ಅವನ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ದವಾಖಾನೆಯ ಬೆಂಚು ಎಂದಮೇಲೆ ಇಂಥವನೊಬ್ಬ ಇರುತ್ತಾನೆ.)

ಕೂಸುಗಳಿಗೆಂದೇ ಬಿಸಿ ತೊಟ್ಟಿಲು ಬರುತ್ತದಲ್ಲ, ವಾರ್ಮರ್, ಅದಿಲ್ಲವೇ ಎಂದು ಜಾಣ ಓದುಗರು ಕೇಳುತ್ತೀರಿ. ಇತ್ತು, ಒಂದೇ. ಅದರಲ್ಲಿ ಸೇಡಂ ತಾಲೂಕಿನದೇ ಮುಧೋಳದ ಇನ್ನೊಂದು ಕೂಸಿತ್ತು, ಇದಕ್ಕಿಂತ ಸಣ್ಣದು. ಕಾಯಿಲ್ ಹೀಟರ್? ಖೋಲಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇತ್ತು, ಕೆಂಪಗೆ ಕಾಯುವುದೇನನ್ನೂ ಒಳಗೆ ತರುವಂತಿರಲಿಲ್ಲ. ಆಂಬುಲೆನ್ಸ್? ಚಿಂಚೋಳಿಯಿಂದ ಹೊರಟಿತ್ತು, ದಾರಿ ತುಂಬ ಮಂಜು. ಉಳಿದದ್ದು ಗೋಡೆಯ ಮೇಲಿನ ಯಂತ್ರ ಒಂದೇ. ಅದು ಬೆಚ್ಚಗೆ ಉಸಿರಾಡಿದರೆ ಕೂಸು ಉಳಿಯಬೇಕು, ಇಷ್ಟೇ ಈ ಕಥೆ.

೨

ಈ ಭಾಗವನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ನಾನು ವಿಜ್ಞಾನದ ಮಾಸ್ತರನಲ್ಲ. ತಪ್ಪಿದ್ದರೆ ಶಹಾಬಾದದ ಮೆಕ್ಯಾನಿಕ್ ಶಂಕರಲಿಂಗನನ್ನು ಕೇಳಿ, ನನಗೆ ಹೇಳಿಕೊಟ್ಟವನು ಅವನು.

ಗೋಡೆಯ ಮೇಲಿನ ಆ ಯಂತ್ರದ ಹೆಸರು ಹೀಟ್ ಪಂಪ್, ಅದಕ್ಕೆ ಎರಡು ಡಬ್ಬಿ. ಒಂದು ಖೋಲಿಯೊಳಗೆ, ಒಂದು ಗೋಡೆಯಾಚೆ ಬಯಲಲ್ಲಿ. ಬೇಸಿಗೆಯಲ್ಲಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಚಳಿಗಾಲದಲ್ಲಿ ಅದೇ ಕೆಲಸವನ್ನು ತಿರುವಿ ಮಾಡುತ್ತದೆ: ಹೊರಗಿನ ಗಾಳಿ ಎಷ್ಟೇ ಥಂಡಿ ಇರಲಿ ಅದರಲ್ಲೂ ಒಂದಿಷ್ಟು ಶಾಖವಿರುತ್ತದೆ, ಅದನ್ನು ಬಾವಿಯ ನೀರು ಸೇದಿದ ಹಾಗೆ ಸೇದಿ ಒಳಗೆ ತರುತ್ತದೆ. ಸೇದಬೇಕೆಂದರೆ ಹೊರಗಿನ ಡಬ್ಬಿಯ ಕೊಳವೆಗಳು ಗಾಳಿಗಿಂತ ಥಂಡಿ ಇರಬೇಕು. ಆ ಥಂಡಿಗೆ ಗಾಳಿಯ ತೇವ ಬಂದು ಕೊಳವೆಗೆ ಅಂಟುತ್ತದೆ. ಮತ್ತೂ ಥಂಡಿಯಾದರೆ ಅದೇ ತೇವ ಬೆಳ್ಳಗೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಗಾಳಿಯ ದಾರಿ ಕಟ್ಟುತ್ತದೆ, ಗಾಳಿ ಸಿಗದೆ ಕೊಳವೆ ಇನ್ನೂ ಥಂಡಿಯಾಗುತ್ತದೆ, ಇನ್ನೂ ಬರ್ಫ ಕಟ್ಟುತ್ತದೆ.

(ಇಲ್ಲಿ ‘ಹೆದರಿಕೆಯೂ ಹೀಗೆಯೇ’ ಎಂದು ಒಂದು ಸಾಲು ಬರೆದಿದ್ದೆ. ಅಳಿಸಿದೆ. ಉಪಮೆ ಕೊಟ್ಟು ನುಣುಚಿಕೊಳ್ಳುವ ಚಾಳಿ ನನಗೆ ಮೊದಲಿನಿಂದಲೂ ಇದೆ.)

ಹಿಮಾಲಯದ ಕಡೆ ಇದು ದಿನದ ಮಾತಂತೆ. ಸೇಡಂನ ಹತ್ತು ಡಿಗ್ರಿ ಚಳಿಗೆ ಇಷ್ಟೆಲ್ಲ ಆಗುವುದಿಲ್ಲ. ಆಗಬೇಕೆಂದರೆ ಒಂದು ತಪ್ಪು ಬೇಕು, ಅದೂ ನಮ್ಮ ಕಡೆಯವರಷ್ಟೇ ಮಾಡಬಲ್ಲ ತಪ್ಪು. ಏನನ್ನಾದರೂ ಕಾಪಾಡಬೇಕು ಎಂದರೆ ನಾವು ಅದರ ಸುತ್ತ ಫರಸಿ ನಿಲ್ಲಿಸುತ್ತೇವೆ. ಗೋಡೆಗೆ ಫರಸಿ, ಮಾಳಿಗೆಗೆ ಫರಸಿ, ಬಚ್ಚಲಿಗೆ, ದನದ ಗೋದಲಿಗೆ, ನೀರಿನ ತೊಟ್ಟಿಗೆ, ಸತ್ತವರ ತಲೆದೆಸೆಗೂ ಅದೇ. ದವಾಖಾನೆಯ ಮುಂದೆ ಸಿಮೆಂಟಿನ ಲಾರಿ, ಸುಣ್ಣದಕಲ್ಲಿನ ಲಾರಿ ಸಾಲುಗಟ್ಟಿ ಹೋಗುತ್ತವೆ. ದೀಪಾವಳಿಯ ಹೊತ್ತಿಗೆ ಡಾಕ್ಟರರು ನಾಮದೇವ ಅವರನ್ನು ಕರೆಸಿ, ಈ ಡಬ್ಬಿಯ ಮೇಲೆ ಒಂದು ಕಣ ಧೂಳು ಬೀಳದ ಹಾಗೆ ಏನಾದರೂ ಮಾಡಿ ಎಂದರು. ನಾಮದೇವ ಮೂರು ಕಡೆ ಫರಸಿ ನಿಲ್ಲಿಸಿ, ಮೇಲೊಂದು ಹೊದಿಸಿ, ಎದುರಿಗೂ ಒಂದನ್ನು ನಿಲ್ಲಿಸಿ ಗೇಣು ಜಾಗ ಬಿಟ್ಟರು. ಸಂದಿಯಲ್ಲಿ ಸೂಜಿ ಹೋಗುತ್ತಿರಲಿಲ್ಲ. ಮಗಳು ಕೆಲಸ ಮಾಡುವ ಜಾಗವೆಂದು ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

೩

ಆರು ಇಪ್ಪತ್ತಕ್ಕೆ ಲುಂಬಿನಿ ಹೊರಗೆ ಓಡಿದಳು. ಆ ಗೇಣು ಜಾಗದಲ್ಲಿ ಮೊಬೈಲಿನ ಬೆಳಕು ಬಿಟ್ಟು ಇಣುಕಿದಳು. ಕಪ್ಪಗಿರಬೇಕಾದ ಕೊಳವೆಗಳು ಕಾಣಲೇ ಇಲ್ಲ. ಒಂದು ಬಿಳಿ ಗೋಡೆ ಇತ್ತು, ಬೆರಳು ದಪ್ಪ. ಮುಟ್ಟಿದಳು. ಬೆರಳು ಅಂಟಿಕೊಂಡಿತು, ಕಿತ್ತುಕೊಳ್ಳುವಾಗ ಚರ್ಮ ಉರಿಯಿತು. ಅವಳು ಹುಟ್ಟಿದಾಗಿನಿಂದ ಈ ಸೀಮೆಯಲ್ಲಿ ಬಿಸಿಲಿಗೆ ಹೆದರಿದ್ದಳು, ನೀರಿಲ್ಲದ್ದಕ್ಕೆ ಹೆದರಿದ್ದಳು. ಇದಕ್ಕೆ ಹೇಗೆ ಹೆದರಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ.

ಪಡಸಾಲೆಗೆ ಬಂದು ಶಂಕರಲಿಂಗನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

“ಅಕ್ಕೋರೆ, ಬರ್ಫ ಅಂತೀರಿ. ಸೇಡಂದಾಗ?”

“ಕಣ್ಣಾರೆ ನೋಡಿ ಬಂದೀನ್ರಿ. ಖೋಲಿ ಥಂಡಿ ಆಗ್ಲಿಕತ್ತದ. ಜಲ್ದಿ ಬರ್ರಿ.”

“ಶಹಾಬಾದದಾಗ ಇದೀನ್ರಿ. ಮಂಜು ಭಾಳ ಅದ, ಗಾಡಿ ಮುಂದ ದಾರಿ ಕಾಣವಲ್ದು. ಎರಡು ತಾಸರೆ ಬೇಕು. ಮೊದಲ ಎರಡು ಮಾತು ಹೇಳ್ರಿ. ಡಬ್ಬಿ ಸುತ್ತ ಗಾಳಿ ಆಡಾಕ ಜಾಗ ಅದೇನು?”

ಲುಂಬಿನಿಯ ಕಣ್ಣ ಮುಂದೆ ತಂದೆಯ ಫರಸಿ ಬಂತು. ಕೂಲಿ ಬೇಡವೆಂದು ಕೈ ಆಡಿಸಿದ್ದು ಬಂತು. ಈ ಕೂಸಿಗೆ ಏನಾದರೂ ಆದರೆ ಊರವರು ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ ಎನ್ನುವುದೂ ಬಂತು.

“ಅದರಿ,” ಅಂದಳು. “ಜಾಗ ಅದ.”

“ಹಂಗಾರ ಇನ್ನೊಂದು ಮಾತು. ಆ ಮಷಿನ್ ತನ್ನ ಬರ್ಫ ತಾನೇ ಕರಗಿಸಿಕೊಳ್ತದ. ಏಳು ನಿಮಿಷ ಬೇಕು. ಆವಾಗ ಒಳಗಿನ ಪಂಖಾ ನಿಂದರ್ತದ, ಹೊರಗ ಹೊಗಿ ಎದ್ದಂಗ ಕಾಣ್ತದ. ಹೊಗಿ ಅಲ್ಲದು, ಬರ್ಫ ಕರಗಿದ ಉಗಿ. ಅಷ್ಟರಾಗ ಯಾರರೆ ಸ್ವಿಚ್ ಬಂದ್ ಮಾಡಿದ್ರ ಅರ್ಧ ಕರಗಿದ ನೀರು ಮತ್ತ ಗಟ್ಟಿ ಆಗಿ ಕುಂದರ್ತದ. ಯಾರರೆ ಬಂದ್ ಮಾಡ್ಯಾರೇನ್ರಿ?”

ಸ್ವಿಚ್ ಪಡಸಾಲೆಯಲ್ಲಿ, ಬೆಂಚಿನ ತಲೆಯ ಮೇಲಿತ್ತು. ಲುಂಬಿನಿ ಎಲ್ಲರ ಮುಖ ನೋಡಿದಳು. ಬೆಂಚಿನ ಮುದುಕ ಮಫ್ಲರ್ ಸರಿಮಾಡಿಕೊಂಡ.

“ಇಲ್ರಿ, ಯಾರೂ ಬಂದ್ ಮಾಡಿಲ್ಲ,” ಅಂದಳು.

“ಹಂಗಿದ್ರ ಮಷಿನ್ ಒಳಗಿನ ಗ್ಯಾಸ್ ಕಮ್ಮಿ ಆಗಿರಬೇಕು. ಅದಕ್ಕ ನಾನೇ ಬರಬೇಕು. ಅಲ್ಲಿ ತನಕ ಏನೂ ಮಾಡಾಕ ಬರಂಗಿಲ್ರಿ.”

ಎರಡು ತಾಸು. ಏನೂ ಮಾಡಲಿಕ್ಕೆ ಬರುವುದಿಲ್ಲ. ಲುಂಬಿನಿ ಫೋನ್ ಇಟ್ಟಳು.

೪ (ಹರಿದು ಹಾಕಿದ್ದು)

ಅಮೀರ್ಬೀ ನಸುಕಿನಲ್ಲಿ ನೆಲ ಒರೆಸುವಾಗ ಹೊಗೆ ಕಂಡು ಸ್ವಿಚ್ ಆರಿಸಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಅವಳು

“ಸರ್, ನಿಂದರ್ರಿ.”

(ಲುಂಬಿನಿ ಹೀಗೆ ಕಥೆಯ ನಡುವೆ ಬಾಯಿ ಹಾಕಿದ್ದು ಇದೇ ಮೊದಲು. ಪಾತ್ರಗಳು ಲೇಖಕನ ಮಾತು ಕೇಳುವುದಿಲ್ಲ ಎಂದು ದೊಡ್ಡವರು ಸಭೆಗಳಲ್ಲಿ ಹೇಳುವಾಗ ಶೋಕಿಗೆ ಹೇಳುತ್ತಾರೆ ಎಂದುಕೊಂಡಿದ್ದೆ.)

“ಅಮೀರ್ಬೀ ಮೂರು ವರ್ಷದಿಂದ ನನ್ನ ಜೋಡಿ ಕೆಲಸ ಮಾಡ್ಲಿಕತ್ತಾಳ. ಆ ಸ್ವಿಚ್ ಯಾವುದಂತ ಆಕಿಗಿ ಗೊತ್ತದ, ಅದಕ್ಕ ಕೈ ಹಚ್ಚಂಗಿಲ್ಲ. ಬಡವಿ ಅಂತ ಆಕಿ ಮ್ಯಾಲ ಹಾಕ್ಲಿಕತ್ತೀರೇನ್ರಿ?”

“ಕತಿಗಿ ಯಾರರೆ ಬೇಕಲ್ಲವ್ವ.”

“ಬೇಕಂದ್ರ ಖರೆ ಇದ್ದವರನ್ನ ತರ್ರಿ.”

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಇನ್ನೊಂದು ಕರಡು ಬರೆಯುತ್ತೇನೆ.

೪ (ಇದನ್ನೂ ಹರಿದದ್ದು, ಆದರೆ ನಿಧಾನವಾಗಿ)

ತಪ್ಪೆಲ್ಲ ಫರಸಿಯದು. ನಾಮದೇವ ಎಂಬ ಹಟಮಾರಿ ಮುದುಕ ಗಾಳಿ ಆಡದ ಹಾಗೆ ಡಬ್ಬಿಯನ್ನು ಗೋರಿ ಮಾಡಿದ್ದ. ಡಬ್ಬಿ ತಾನು ಬಿಟ್ಟ ಥಂಡಿ ಗಾಳಿಯನ್ನು ತಾನೇ ಕುಡಿದು ಕುಡಿದು ಗಡ್ಡೆಯಾಯಿತು. ಅವನ ಮಗಳು ಅದನ್ನು ಮುಚ್ಚಿಟ್ಟಳು. ಕೂಸು...

ಈ ಸಲ ಲುಂಬಿನಿ ಬಾಯಿ ಹಾಕಲಿಲ್ಲ. ಓದಿದಳು, ಮತ್ತೊಮ್ಮೆ ಓದಿದಳು.

“ಫರಸಿ ಮಾತು ಖರೆ ಅದ ಸರ್,” ಅಂದಳು. “ನಾ ಸುಳ್ಳು ಹೇಳೀನಿ. ಅಂಜಿ ಹೇಳೀನಿ. ಬರೀರಿ. ಆದ್ರ ಒಂದು ಕೇಳ್ತೀನಿ. ದೀಪಾವಳಿಯಿಂದ ಆ ಫರಸಿ ಅಲ್ಲೇ ಅದ. ಥಂಡಿ ಬಿದ್ದೂ ಹದಿನೈದು ದಿನ ಆತು. ಬರ್ಫ ದಿನಾ ಕಟ್ಟಿ ದಿನಾ ಕರಗಿರಬೇಕು. ಇವತ್ತ ಯಾಕ ಕರಗಲಿಲ್ಲ?”

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

“ಬೆಂಚಿನ ಮ್ಯಾಲ ಒಬ್ಬರನ್ನ ಕೂಡ್ಸೀರಲ್ರಿ, ಮಫ್ಲರ್ ಸುತ್ತಿ. ಅವರಿಗಿ ಹೆಸರೇ ಇಟ್ಟಿಲ್ಲ ನೀವು.”

“ಅವ ಸುಮ್ಮ ಕೂತಾನವ್ವ.”

“ನಾ ನಮ್ಮಪ್ಪನ ಹೆಸರು ಕೊಟ್ಟೀನಿ. ಈಗ ನೀವು ಅವರ ಹೆಸರು ಕೊಡ್ರಿ.”

೫

ಆರು ಐವತ್ತಕ್ಕೆ ಖೋಲಿಯಲ್ಲಿ ಇಪ್ಪತ್ತೆರಡು. ಲುಂಬಿನಿ ಮತ್ತೆ ಕೈ ಇಟ್ಟಳು. ಅಂಗಾಲು ತಣ್ಣಗೆ. ಹೊಟ್ಟೆ ಮುಟ್ಟುವ ಮೊದಲು ಒಂದು ಗಳಿಗೆ ಕೈ ತಡೆದಳು. ಹೊಟ್ಟೆ ಬೆಚ್ಚಗಿದೆಯೋ ಇಲ್ಲವೋ ಹೇಳಲಿಕ್ಕೆ ಬರಲಿಲ್ಲ, ಅವಳ ಕೈಯೇ ತಣ್ಣಗಾಗಿತ್ತು. ಕೂಸು ಅಳುವುದನ್ನು ಬಿಟ್ಟಿತ್ತು. ಅತ್ತರೆ ಚೆನ್ನಾಗಿತ್ತು.

ಡಾಕ್ಟರರು ಫೋನಿನಲ್ಲಿ ಹೇಳಿದಂತೆ ಕೂಸನ್ನು ಮೈಗೆ ಮೈ ಹಚ್ಚಿ ಇಡಬೇಕಾಗಿತ್ತು. ತಾಯಿ ತಾನೇ ನಡುಗುತ್ತಿದ್ದಳು. ಲುಂಬಿನಿ ಹಣಮವ್ವನ ಕಡೆ ತಿರುಗಿದಳು.

“ಆಯಿ, ಕುಪ್ಪಸ ಬಿಚ್ಚಿ ಕುಂದ್ರಿ. ಕೂಸಿನ್ನ ನಿಮ್ಮ ಎದಿ ಮ್ಯಾಲ ಹಾಕ್ತೀನಿ. ಮ್ಯಾಲ ಕೌದಿ ಹೊಚ್ಚತೀನಿ.”

“ನನ್ನ ಮುದಿ ಎದಿಯಾಗ ಏನು ಕಾವು ಇರ್ತದವ್ವ?”

“ಇರ್ತದ. ಕುಂದ್ರಿ.”

ಅರವತ್ತೆರಡು ವರ್ಷದ ಹಣಮವ್ವ ಗೋಡೆಗೆ ಬೆನ್ನು ಕೊಟ್ಟು ಕೂತಳು. ಕಪ್ಪೆಯ ಹಾಗೆ ಕಾಲು ಮಡಚಿ ಕೂಸು ಅವಳ ಎದೆಗೆ ಅಂಟಿತು. ಹಣಮವ್ವ ಉಸಿರು ಬಿಗಿಹಿಡಿದಳು, ಜೋರಾಗಿ ಬಿಟ್ಟರೆ ಕೂಸಿಗೆ ತಾಗುತ್ತದೆ ಎನ್ನುವಂತೆ. ಖೋಲಿ ತಣ್ಣಗಾಗುತ್ತಲೇ ಇತ್ತು. ಒಬ್ಬ ಮುದುಕಿಯ ಕಾವು ಎಷ್ಟು ಹೊತ್ತು ಬಂದೀತು ಎನ್ನುವ ಲೆಕ್ಕ ಲುಂಬಿನಿಗೆ ಗೊತ್ತಿರಲಿಲ್ಲ.

೬ (ಬರೆಯಬಾರದೆಂದು ಇಲ್ಲಿಯವರೆಗೆ ಎಳೆದದ್ದು)

ಆ ಮಫ್ಲರ್ ಮುದುಕ ನಾನು.

ಹೆಸರು ಸಂಗಣ್ಣ. ಚಿತ್ತಾಪುರದಲ್ಲಿ ಮೂವತ್ತೊಂದು ವರ್ಷ ಕನ್ನಡ ಮಾಸ್ತರಿಕೆ ಮಾಡಿ ಈಗ ಕಥೆ ಬರೆಯುತ್ತೇನೆ. ಶಿವಕಾಂತಮ್ಮ ನನ್ನ ಮಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಹಣಮವ್ವ ನನ್ನ ಹೆಂಡತಿ. ಕೂಸು ನನ್ನ ಮೊಮ್ಮಗಳು.

ಬೆಂಚಿನ ಎದುರಿಗೆ ಒಂದು ಕಿಟಕಿ ಇದೆ, ಅದರಿಂದ ಫರಸಿಯ ಡಬ್ಬಿ ಕಾಣುತ್ತದೆ. ನಸುಕಿನಲ್ಲಿ ಅದರ ಸಂದಿಯಿಂದ ಬೆಳ್ಳಗೆ ಹೊಗೆ ಎದ್ದಿತು. ಒಳಗಿನ ಪಂಖಾ ಗಪ್ಪೆಂದು ನಿಂತಿತು. ಕೂಸುಗಳ ವಾರ್ಡಿನಲ್ಲಿ ಬೆಂಕಿ ಎನ್ನುವಂಥ ಸುದ್ದಿಗಳನ್ನು ಪೇಪರಿನಲ್ಲಿ ಎರಡೆರಡು ಸಲ ಓದುವವನು ನಾನು. ಎದ್ದವನೇ ಸ್ವಿಚ್ ಆರಿಸಿದೆ. ಹೊಗೆ ಅಡಗಿತು. ಯಂತ್ರ ತಣ್ಣಗಾಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ಒಂದೂಕಾಲು ತಾಸಿಗೆ ಮತ್ತೆ ಹೊಗೆ ಎದ್ದಿತು, ಮತ್ತೆ ಆರಿಸಿದೆ. ಹೀಗೆ ಮೂರು ಸಲ. ಮೂರು ಸಲವೂ ಮೊಮ್ಮಗಳನ್ನು ಉಳಿಸಿದೆ ಎಂದುಕೊಂಡೆ. ಮೂರನೆಯ ಸಲ ಸ್ವಲ್ಪ ಹೆಮ್ಮೆಯೂ ಆಯಿತು. ಮಲಗಿದವರನ್ನು ಯಾಕೆ ಎಬ್ಬಿಸುವುದು ಎಂದು ಯಾರಿಗೂ ಹೇಳಲಿಲ್ಲ.

ಆರು ಇಪ್ಪತ್ತಕ್ಕೆ ಸ್ಪೀಕರಿನಲ್ಲಿ ಶಂಕರಲಿಂಗ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಆ ಕ್ಷಣವೇ ಅರ್ಥವಾಯಿತು. ಲುಂಬಿನಿ ನನ್ನ ಮುಖವನ್ನೂ ನೋಡಿದಳು. ನಾನು ಮಫ್ಲರ್ ಸರಿಮಾಡಿಕೊಂಡೆ. ಹೆಂಡತಿಯ ಮುಂದೆ, ಮಗಳ ವಯಸ್ಸಿನ ನರ್ಸಿನ ಮುಂದೆ, ನೆಲ ಒರೆಸುವ ಅಮೀರ್ಬೀಯ ಮುಂದೆ ಸಣ್ಣವನಾಗುತ್ತೇನೆ ಎಂದು ಹೆದರಿದೆ. ಅರ್ಧ ತಾಸಿಗೂ ಮೇಲೆ ನನಗೆ ಆ ಅಂಗಾಲಿಗಿಂತ ನನ್ನ ಮಾನ ದೊಡ್ಡದಾಗಿತ್ತು. ಇದನ್ನು ಯಾವ ಜಾಣತನದಿಂದಲೂ ಬೇರೆ ಥರ ಬರೆಯಲಿಕ್ಕೆ ಬರುವುದಿಲ್ಲ, ಎರಡು ಕರಡಿನಲ್ಲಿ ಪ್ರಯತ್ನಿಸಿದ್ದನ್ನು ನೀವೇ ನೋಡಿದ್ದೀರಿ.

ಕೌದಿಯ ಕೆಳಗೆ ಹಣಮವ್ವ ಉಸಿರು ಬಿಗಿಹಿಡಿದು ಕೂತದ್ದನ್ನು ಬಾಗಿಲಿನಿಂದ ನೋಡಿದೆ. ಆಗ ಅಳು ಬಂತು.

“ಲುಂಬಿನಿ,” ಅಂದೆ. “ಸ್ವಿಚ್ ನಾ ಬಂದ್ ಮಾಡೀನವ್ವ. ಮೂರು ಸಲ.”

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಆಗಲೇ ಫೋನ್ ಹಚ್ಚುತ್ತಿದ್ದಳು.

“ಶಂಕರಲಿಂಗ ಅಣ್ಣ, ನಾ ಸುಳ್ಳು ಹೇಳೀನಿ. ಸುತ್ತ ಜಾಗ ಇಲ್ಲ, ನಮ್ಮಪ್ಪ ಫರಸಿ ನಿಲ್ಲಿಸ್ಯಾರ. ಸ್ವಿಚ್ಚೂ ಮೂರು ಸಲ ಬಂದ್ ಆಗ್ಯದ. ಈಗ ಏನು ಮಾಡ್ಲಿ ಹೇಳ್ರಿ.”

“ಹಂಗಾರ ಗ್ಯಾಸ್ ಕಮ್ಮಿ ಆಗಿಲ್ರಿ. ಮೊದಲ ಫರಸಿ ಕೆಡವ್ರಿ,” ಅಂದ. “ಬರ್ಫಕ್ಕ ಏನೂ ಹೊಡಿಬ್ಯಾಡ್ರಿ, ಕೊಳವಿ ಒಡದ್ರ ಎಲ್ಲಾ ಮುಗೀತು. ಬಿಸಿನೀರೂ ಸುರವಬ್ಯಾಡ್ರಿ. ಮಷಿನ್ ಚಾಲೂ ಇರ್ಲಿ. ಅದು ತಾನೇ ಕರಗಿಸಾಕ ನಿಂತಾಗ ಏಳು ನಿಮಿಷ ಯಾರೂ ಸ್ವಿಚ್ ಮುಟ್ಟಬ್ಯಾಡ್ರಿ. ಭಾಳ ದಪ್ಪ ಇದ್ರ ಒಂದೇ ಸಲಕ್ಕ ಪೂರಾ ಹೋಗ್ತದೋ ಇಲ್ಲೋ, ಖಾತ್ರಿ ಹೇಳಾಕ ಬರಂಗಿಲ್ಲ.”

೭

ಏಳು ಗಂಟೆಗೆ ನಾಮದೇವ ಮಗಳಿಗೆ ಬುತ್ತಿ ತಂದರು. ದಿನವೂ ತರುತ್ತಾರೆ, ಜೋಳದ ರೊಟ್ಟಿ, ಪುಂಡಿಪಲ್ಯ. ಬುತ್ತಿಯನ್ನು ಸೈಕಲ್ಲಿನಿಂದ ಇಳಿಸುವ ಮೊದಲೇ ಲುಂಬಿನಿ ಎದುರಿಗೆ ನಿಂತಿದ್ದಳು.

“ಅಪ್ಪಾ, ಫರಸಿ ತೆಗಿಬೇಕು. ಈಗಿಂದೀಗ.”

“ಯಾಕವ್ವ? ಧೂಳು ಬಂತೇನು?”

“ಧೂಳಲ್ಲಪ್ಪ. ಗಾಳಿ ಬರವಲ್ದು. ಒಳಗ ಕೂಸು ಥಂಡಿ ಆಗ್ಲಿಕತ್ತದ.”

ನಾಮದೇವ ಫರಸಿಯನ್ನು ನೋಡಿದರು, ಮಗಳನ್ನು ನೋಡಿದರು. ಬೇರೆ ಯಾವುದೇ ಬೆಳಿಗ್ಗೆಯಾಗಿದ್ದರೆ ವಾದ ಮಾಡುತ್ತಿದ್ದರು. (ಒಂದು ಪುಟದ ವಾದ ನಾನೂ ಬರೆದಿದ್ದೆ. ಅವರು ಅದನ್ನು ಆಡಲು ಒಪ್ಪಲಿಲ್ಲ.) ದವಾಖಾನೆಯ ಹಿಂದಿನಿಂದ ಕಬ್ಬಿಣದ ಹಾರಿ ತಂದು, ತಾವೇ ಸೂಜಿ ಹೋಗದ ಹಾಗೆ ಮುಚ್ಚಿದ ಸಂದಿಗೆ ಇಟ್ಟರು.

“ಧೂಳು ಬರಬಾರದು ಅಂದ್ರು, ಧೂಳು ಬಿಡಲಿಲ್ಲ,” ಅಂದರು, ಯಾರಿಗೆಂದಿಲ್ಲದೆ. “ಅದಕ್ಕ ಗಾಳಿ ಬೇಕಂತ ಯಾರೂ ಹೇಳಲಿಲ್ಲವ್ವ.”

ಹಾರಿಯ ತುದಿಗೂ ಬರ್ಫದೊಳಗಿನ ಕೊಳವೆಗೂ ನಾಲ್ಕು ಬೆರಳು ಅಂತರ. ಹಾರಿ ಜಾರಿದರೆ ಮುಗಿಯಿತು. ಅಮೀರ್ಬೀ ಮೇಲಿನ ಫರಸಿಯ ಒಂದು ಅಂಚು ಹಿಡಿದಳು, ನಾನು ಇನ್ನೊಂದು ಅಂಚು. ನನ್ನ ಹಿಡಿತ ಜಾರುವುದನ್ನು ನೋಡಿ ಆಕೆ, “ಮಾಸ್ತರ್ರೆ, ನೀವು ಸರೀರಿ,” ಎಂದು ಇಡೀ ಭಾರವನ್ನು ತನ್ನ ಕಡೆಗೆ ತೆಗೆದುಕೊಂಡಳು. ಅವಳ ಮೇಲೆ ತಪ್ಪು ಹೊರಿಸಿ ಒಂದು ಕರಡು ಬರೆದಿದ್ದೆ ಎನ್ನುವುದು ಅವಳಿಗೆ ಗೊತ್ತಿಲ್ಲ. ಮೇಲಿನದು ಬಂತು, ಎದುರಿನದು ಬಂತು, ಎಡದ್ದು ಎರಡು ತುಂಡಾಗಿ ಬಿತ್ತು. ಬೆಳಗಿನ ಬೆಳಕಿನಲ್ಲಿ ಆ ಬಿಳಿ ಗೋಡೆ ಪೂರ್ತಿ ಕಂಡಿತು. ನಾಮದೇವ ಹಾರಿಯನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

೮ (ಕೊನೆಗಳು. ಬೇಕಾದ್ದು ಆರಿಸಿಕೊಳ್ಳಿ ಎನ್ನುವವನಿದ್ದೆ)

ಅ. ಬರ್ಫ ಕರಗಿತು. ಹನ್ನೊಂದನೆಯ ದಿನ ಕೂಸಿಗೆ ಹೆಸರಿಟ್ಟೆವು. ನರ್ಸಿನ ಹೆಸರನ್ನೇ ಇಟ್ಟೆವು. ಎಲ್ಲರಿಗೂ ಹುಗ್ಗಿ.

ಆ. ಇದನ್ನು ಒಂದೂವರೆ ಸಾಲು ಬರೆದೆ. ಲುಂಬಿನಿ ಹಾಳೆಯ ಮೇಲೆ ಅಂಗೈ ಇಟ್ಟಳು. “ಇದರ ಮ್ಯಾಲ ಒಂದು ಅಕ್ಷರ ಹಾಕಿದ್ರ ನಾ ಈ ಕತಿಯೊಳಗ ಇರಂಗಿಲ್ಲ ಸರ್,” ಅಂದಳು. ಅವಳಿಲ್ಲದೆ ಆ ಖೋಲಿಯಲ್ಲಿ ಕೂಸನ್ನು ನೋಡುವವರಿಲ್ಲ. ಬಿಟ್ಟೆ.

ಇ. ಆಂಬುಲೆನ್ಸ್ ಮಂಜನ್ನು ಸೀಳಿಕೊಂಡು ಬಂತು. (ಸೀಳಿಕೊಂಡು. ಮೂವತ್ತೊಂದು ವರ್ಷ ಇಂಥ ಮಾತಿಗೆ ಮಕ್ಕಳಿಗೆ ಅಂಕ ಕೊಟ್ಟಿದ್ದೇನೆ.)

“‘ಅ’ ಛಲೋ ಅದಲ್ಲವ್ವ?” ಅಂದೆ ಲುಂಬಿನಿಗೆ. “ಅದನ್ನೇ ಇಡ್ಲೇನು?”

“ನಿಮಗ ಜಲ್ದಿ ಮುಗಸಬೇಕಾಗ್ಯದ ಸರ್. ಅದಕ್ಕೇ ಮೂರು ಸಲ ಬಂದ್ ಮಾಡಿದ್ರಿ.”

ಮೂರರ ಮೇಲೂ ಗೀಟು ಎಳೆದೆ.

೯

ಏಳು ಗಂಟೆ ಇಪ್ಪತ್ತಮೂರು ನಿಮಿಷ. ಖೋಲಿಯಲ್ಲಿ ಇಪ್ಪತ್ತೊಂದು. ಲುಂಬಿನಿ ನನ್ನನ್ನು ಕರೆದು ಸ್ವಿಚ್ಚಿನ ಕೆಳಗೆ ನಿಲ್ಲಿಸಿದಳು.

“ಇಲ್ಲೇ ನಿಂದರ್ರಿ. ಯಾರಿಗೂ ಮುಟ್ಟಗೊಡಬ್ಯಾಡ್ರಿ.”

“ನನ್ನ ಮ್ಯಾಲ ಬಿಡ್ತೀ ಏನವ್ವ ಇದನ್ನ?”

“ಇಲ್ಲಿ ಇದಕ್ಕ ಅಂಜೋರು ನಿಮ್ಮಷ್ಟು ಯಾರೂ ಇಲ್ರಿ. ನೀವು ಮುಟ್ಟಲಿಲ್ಲಂದ್ರ ಯಾರೂ ಮುಟ್ಟಂಗಿಲ್ಲ.”

ಒಳಗಿನ ಪಂಖಾ ಗಪ್ಪೆಂದು ನಿಂತಿತು.

ಒಂದನೆಯ ನಿಮಿಷ. ಏನೂ ಆಗಲಿಲ್ಲ. ಇಷ್ಟೊಂದು ಸದ್ದಿಲ್ಲದ ಖೋಲಿಯನ್ನು ನಾನು ಕಂಡಿಲ್ಲ.

ಎರಡನೆಯದು. ಕಿಟಕಿಯಾಚೆ ಬರ್ಫದ ಮೇಲಂಚಿನಿಂದ ಬೆಳ್ಳಗೆ ಎದ್ದಿತು. ಹೊಗೆ ಅಲ್ಲ, ಹೊಗೆ ಅಲ್ಲ ಎಂದು ಬಾಯಲ್ಲಿ ಹೇಳಿಕೊಂಡೆ. ಕಣ್ಣು ನಂಬಲಿಲ್ಲ. ಫರಸಿ ಇಲ್ಲದ್ದರಿಂದ ಈ ಸಲ ಅದು ಮಾಳಿಗೆಯ ಎತ್ತರಕ್ಕೆ ಏರಿತು. ನಾಮದೇವ ಅದರ ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದರು.

ಮೂರು. ಥರ್ಮಾಮೀಟರ್ ಇಪ್ಪತ್ತು ಎಂದು ಅಮೀರ್ಬೀ ಒಳಗಿನಿಂದ ಕೂಗಿದಳು. ನನ್ನ ಬಲಗೈ ತಾನಾಗಿ ಮೇಲೆದ್ದಿತು. ಎಡಗೈಯಿಂದ ಅದನ್ನು ಹಿಡಿದುಕೊಂಡೆ.

ನಾಲ್ಕು. ಬರ್ಫದಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಹಾಗೆ ಕೇಳಿಸಿತೆಂದು ನಾನು ಅಂದುಕೊಂಡೆನೋ, ಗೊತ್ತಿಲ್ಲ.

ಐದು. ಒಳಗೆ ಹಣಮವ್ವ, “ಲುಂಬಿನಿ, ಕೂಸು ಮಿಸುಕಾಡಿದಂಗ ಆತು ನೋಡವ್ವ, ಏನು ಮಾಡ್ಲಿಕತ್ತದ ನೋಡು,” ಎಂದಳು. ಕೌದಿ ಸರಿಸಿದ ಸದ್ದಾಯಿತು. ಲುಂಬಿನಿ ಬಾಗಿದ್ದು ಬಾಗಿಲಿನಿಂದ ಕಂಡಿತು, ಅವಳ ಬೆನ್ನಷ್ಟೇ. ಅವಳು ತುಂಬ ಹೊತ್ತು ಬಾಗಿಯೇ ಇದ್ದಳು. ಆಮೇಲೆ ತಿರುಗದೆಯೇ ಕೇಳಿದಳು:

“ಸರ್, ಅಂಗಾಲು ಮುಟ್ಟೀನಿ. ಹ್ಯಾಂಗದ ಅಂತ ಹೇಳ್ಲೇನ್ರಿ?”

ಈಗ ಕೂತು ಬರೆಯುತ್ತಿರುವವನಿಗೆ ಇದರ ಉತ್ತರ ಗೊತ್ತಿರಲೇಬೇಕಲ್ಲ ಎನ್ನುತ್ತೀರಿ. ಗೊತ್ತಿದೆ. ಅದನ್ನು ಹೇಳಿ ಈ ಕಥೆಯನ್ನು ಬಂದ್ ಮಾಡಲು ನನ್ನ ಕೈ ಎಷ್ಟು ಚಡಪಡಿಸುತ್ತಿದೆ ಎನ್ನುವುದು ನಿಮಗೆ ಗೊತ್ತಿಲ್ಲ. ತಣ್ಣಗಿದೆ ಅಂದರೆ ಕೈ ಸ್ವಿಚ್ಚಿಗೆ ಹೋಗುತ್ತದೆ. ಬೆಚ್ಚಗಿದೆ ಅಂದರೆ ಸ್ವಿಚ್ ಬಿಟ್ಟು ಒಳಗೆ ಓಡುತ್ತೇನೆ, ಆ ಗಡಬಿಡಿಯಲ್ಲಿ ಯಾರಾದರೂ ಬಂದು ಇದನ್ನು ಆರಿಸುತ್ತಾರೆ. ಆದ್ದರಿಂದ ಆ ಬೆಳಿಗ್ಗೆ ನಾನು ಹೇಳಿದ್ದನ್ನಷ್ಟೇ ಬರೆಯುತ್ತೇನೆ.

“ಬ್ಯಾಡವ್ವ,” ಅಂದೆ. “ಇನ್ನೂ ಎರಡು ನಿಮಿಷ ಅದ.”